ಬಾವಿ ತೋಡುವವನ ಕುಂಟು ನಾಯಿ

ನನ್ನ ಮರಿಗೆ,

ನೀನು ಕಳಿಸಿದ ಕಟ್ಟು ಸೋಮವಾರ ಮಧ್ಯಾಹ್ನ ಕೈಸೇರಿತು. ಅಂಚೆಯವ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಏನ್ರೀ ಇದು, ಇಟ್ಟಿಗೆ ಕಳ್ಸಿದಾರಾ?" ಅಂದ. ಇಟ್ಟಿಗೆ ಅಲ್ಲಪ್ಪ, ಇಡೀ ಮನೆಯನ್ನೇ ಕಳಿಸಿದ್ದಾಳೆ ಅಂದೆ. ಅವನಿಗೆ ಅರ್ಥವಾಗದೆ ನಕ್ಕು ಹೋದ. ನಾನು ಕುರ್ಚಿಯನ್ನು ಸೂರಿನ ಕೆಳಗೆ ಎಳೆದುಕೊಂಡು ಕೂತೆ. ಅಲ್ಲಿ ಮೂರು ಗಂಟೆಯ ಬಿಸಿಲು ಹುಲ್ಲಿನ ತುದಿಗಳ ನಡುವೆ ಸೋಸಿಕೊಂಡು ಬೀಳುತ್ತದೆ, ನಿನಗೆ ಗೊತ್ತಲ್ಲ. ಆ ಬೆಳಕಿನಲ್ಲಿ ಕೂತರೆ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ, ನಡುವೆ ಎಲ್ಲೋ ತೇಲಿಕೊಂಡು ಇರುತ್ತೇನೆ. ಹಾಗೆ ತೇಲುತ್ತಲೇ, ನೀನು ನಕ್ಷೆಯ ದಪ್ಪ ಹಾಳೆಗಳ ಮೇಲೆ ಬರೆದ ನಲವತ್ತೆರಡು ಪುಟ ಓದಿದೆ. 'ಹುಲ್ಲುಮನೆ ಮತ್ತು ಅದರ ನಿವಾಸಿಗಳು: ನೂರೈವತ್ತು ವರ್ಷಗಳ ಚರಿತ್ರೆ.' ಮೇಲೆ ಪಿನ್ನು ಹಾಕಿದ ನಿನ್ನ ಚೀಟಿ: "ದೊಡ್ಡಮ್ಮ, ಪ್ರೂಫ್ ನೋಡಿಕೊಡು. ಕೊನೇ ಪುಟದಲ್ಲಿ ಸಹಿ ಹಾಕು. ಗುರುವಾರ ಸಮಿತಿ ಮುಂದೆ ಇಡಬೇಕು. ನೀನು ತಿದ್ದಿದ ಮೇಲೆ ಇನ್ಯಾರು ತಪ್ಪು ಹುಡುಕ್ತಾರೆ ಹೇಳು!"

ಸರ್ಕಾರದ ಆ ಸಮಿತಿಯವರ ಲೆಕ್ಕಾಚಾರ ನನಗೂ ಗೊತ್ತು. ಬೆಂಕಿಯ ಭಯಕ್ಕೆ ಹುಲ್ಲಿನ ಚಾವಣಿಗಳನ್ನೆಲ್ಲ ವರ್ಷದೊಳಗೆ ಕಿತ್ತು ತಗಡು ಹಾಕಿಸಬೇಕು, ಚರಿತ್ರೆ ಇರುವ ಮನೆಗೆ ಮಾತ್ರ ವಿನಾಯಿತಿ. ಅದಕ್ಕೇ ನೀನು ಆಫೀಸಿನಲ್ಲಿ ಬೇರೆಯವರ ನಕ್ಷೆ ಎಳೆದು ಬೆನ್ನು ನೋಯಿಸಿಕೊಂಡ ಮೇಲೂ, ಆರು ತಿಂಗಳು ರಜೆಯ ದಿನಗಳನ್ನೆಲ್ಲ ಸುರಿದು ಇದನ್ನು ಬರೆದೆ. ಕೊನೆಯ ಪುಟದಲ್ಲಿ ಇಬ್ಬರ ಸಹಿಗೆ ಜಾಗ ಬಿಟ್ಟಿದ್ದೀಯ. 'ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ' ಅಂತ. ನಿನ್ನ ಸಹಿ ಆಗಲೇ ಆಗಿದೆ. ನನ್ನದು ಇಲ್ಲ, ಆಗುವುದೂ ಇಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ ಕಣೇ.

ಮೊದಲು ಒಂದು ಮಾತು. ಚೆನ್ನಾಗಿ ಬರೆದಿದ್ದೀಯ. ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಕೂತು ಊರವರ ತಪ್ಪು ಹೆಕ್ಕಿದವಳು ನಾನು, ಸುಮ್ಮಸುಮ್ಮನೆ ಹೊಗಳುವವಳಲ್ಲ. ಓದುತ್ತಾ ಹೋದ ಹಾಗೆ ಒಬ್ಬೊಬ್ಬರೇ ಬಾಗಿಲು ದಾಟಿ ಒಳಗೆ ಬಂದರು. ಮೊದಲು ಬಂದವನು ಈ ಮನೆ ಕಟ್ಟಿಸಿದ ಬಾವಿ ತೋಡುವವನು, ಮೊಣಕೈವರೆಗೂ ಮಣ್ಣು ಮೆತ್ತಿಕೊಂಡು. ಹಗಲೆಲ್ಲ ಅರವತ್ತು ಅಡಿ ಆಳದಲ್ಲಿ ನಿಂತು ತಟ್ಟೆಯಷ್ಟು ಆಕಾಶ ನೋಡುತ್ತಿದ್ದವನು, ಮನೆಯಲ್ಲಾದರೂ ತಲೆಯ ಮೇಲೆ ಕಲ್ಲು ಬೇಡ, ಹೆಂಚು ಬೇಡ, ಏನಾದರೂ ಹಗುರವಾದದ್ದು ಇರಲಿ ಅಂತ ಹುಲ್ಲು ಹೊದಿಸಿದವನು. ಅವನ ಹಿಂದೆ ಕುಂಟುತ್ತಾ ಅವನ ನಾಯಿ. ಆಮೇಲೆ ಕೈಗವಸು ಹೊಲಿಯುವ ಅಕ್ಕತಂಗಿಯರು. ಒಬ್ಬಳು ಎಡಗೈಯದು, ಒಬ್ಬಳು ಬಲಗೈಯದು ಹೊಲಿಯುತ್ತಾ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಮಾತಾಡದೆ ಕೂತವರು, ಆದರೂ ಜೋಡಿ ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಭೂಗೋಳದ ಮೇಷ್ಟ್ರು, ಒಂದೂರನ್ನೂ ನೋಡಿದವರಲ್ಲ. ಹಾಸಿಗೆಯ ಮೇಲೆ ಅಂಗಾತ ಮಲಗಿ, ಚಾವಣಿಯ ಒಳಮೈಯಲ್ಲಿ ನೀರಿಳಿದು ಆದ ಕಲೆಗಳನ್ನು ಖಂಡಗಳೆಂದು, ದ್ವೀಪಗಳೆಂದು ಕೋಲಿನಿಂದ ತೋರಿಸುತ್ತಿದ್ದರು. ಎಲ್ಲರೂ ಬಂದು ಅವರವರ ಜಾಗದಲ್ಲಿ ಕೂತರು. ನನ್ನ ಚಹಾ ತಣ್ಣಗಾಗಿದ್ದೂ ಗೊತ್ತಾಗಲಿಲ್ಲ.

ಇವರು ಯಾರೂ ಇರಲಿಲ್ಲ, ಮರೀ.

ಇನ್ನೊಂದು ಸಲ ಬರೆಯುತ್ತೇನೆ, ನೀನು ಈ ಸಾಲನ್ನು ಹಾರಿಸಿ ಮುಂದೆ ಹೋಗಬಾರದು ಅಂತ. ಬಾವಿ ತೋಡುವವನು ಇರಲಿಲ್ಲ. ಕೈಗವಸಿನ ಅಕ್ಕತಂಗಿಯರು ಇರಲಿಲ್ಲ. ಭೂಗೋಳದ ಮೇಷ್ಟ್ರೂ ಇರಲಿಲ್ಲ. ಎಲ್ಲ ನಾನು ಕಟ್ಟಿದ್ದು. ನೀನು ಕಾಗಕ್ಕ ಗುಬ್ಬಕ್ಕನ ಕಥೆಗೆ ತೇದಿ ಹಾಕಿ, ಅಡಿಟಿಪ್ಪಣಿ ಕೊಟ್ಟು, ಸಹಿ ಹಾಕಿ ಕೂತಿದ್ದೀಯ. ತಪ್ಪು ನಿನ್ನದಲ್ಲ, ಪೂರ್ತಿ ನನ್ನದು.

ಹೇಗಾಯಿತು ಕೇಳು. ಈ ಮನೆಗೆ ಒಂದು ಪದ್ಧತಿ ಇತ್ತು, ಅದನ್ನು ನೀನು ಪುಟ ಮೂರರಲ್ಲಿ ಸರಿಯಾಗಿಯೇ ಬರೆದಿದ್ದೀಯ. ಬಿಟ್ಟುಹೋಗುವವರು ಬರುವವರನ್ನು ಎದುರಿಗೆ ಕೂರಿಸಿಕೊಂಡು, ಕಟ್ಟಿದ ದಿನದಿಂದ ತಮ್ಮವರೆಗೆ ಇಲ್ಲಿ ಯಾರುಯಾರು ಇದ್ದರು, ಏನು ಮಾಡಿದರು, ಹೇಗೆ ಹೋದರು ಅನ್ನುವುದನ್ನೆಲ್ಲ ಒಂದೇ ಪಟ್ಟಿಗೆ ಕೂತು ಹೇಳಬೇಕು. ಪೂರ್ತಿ ಕೇಳಿಸಿಕೊಂಡ ಮೇಲೇ ಬೀಗದ ಕೈ. ಬರೆದಿಡುವ ಹಾಗಿಲ್ಲ. ಕೇಳಿದವರು ಮರೆಯುವುದಿಲ್ಲ ಅನ್ನುವ ನಂಬಿಕೆ. ಹಾಗೆ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಆ ಚರಿತ್ರೆ ಬಂದಿತ್ತು. ನನ್ನವರೆಗೆ ಬಂತು.

ನನಗೆ ಹೇಳಿದವಳು ಕನ್ನಡಕದಜ್ಜಿ. ಅವಳು ಮಾತ್ರ ನಿಜ, ಎರಡು ಕಣ್ಣಿನಷ್ಟು ನಿಜ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟು, ಗಾಜು ಉಜ್ಜಿ ಉಜ್ಜಿ ಬೆರಳಿನ ರೇಖೆಯೆಲ್ಲ ಸವೆದುಹೋಗಿದ್ದವಳು. ನಲವತ್ತು ವರ್ಷ ಈ ಮನೆಯಲ್ಲಿದ್ದಳು. ನಾನು ಬಂದ ಬೆಳಿಗ್ಗೆ ಇದೇ ಕೋಣೆಯಲ್ಲಿ ಎದುರುಬದುರು ಎರಡು ಮಣೆ ಹಾಕಿ, "ಮೈಯೆಲ್ಲ ಕಿವಿ ಮಾಡ್ಕೊಂಡು ಕೇಳಮ್ಮ, ಇನ್ನೊಂದ್ಸಲ ಹೇಳಲ್ಲ" ಅಂತ ಶುರು ಮಾಡಿದಳು.

ನಾನು ಆ ವಾರ ಪ್ರೆಸ್ಸಿನಲ್ಲಿ ಮತದಾರರ ಪಟ್ಟಿ ನೋಡುತ್ತಿದ್ದೆ. ಹನ್ನೊಂದು ಸಾವಿರ ಹೆಸರು, ಅವರ ಅಪ್ಪಂದಿರ ಹೆಸರು, ಮನೆ ನಂಬರು. ಆ ಕೆಲಸ ಹೇಗಿರುತ್ತಿತ್ತು ಅಂದರೆ, ಒಬ್ಬ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾ ಹೋಗುತ್ತಾನೆ, ನಾನು ಅಚ್ಚಾದ ಹಾಳೆಯ ಮೇಲೆ ಬೆರಳು ಓಡಿಸುತ್ತಾ ಪ್ರತಿ ಸಾಲಿಗೂ "ಹೂಂ" ಅನ್ನಬೇಕು. ಹೂಂ ನಿಂತರೆ ತಪ್ಪು ಸಿಕ್ಕಿತು ಅಂತ. ನಿಲ್ಲದಿದ್ದರೆ ಅವನು ಓದುತ್ತಲೇ ಇರುತ್ತಾನೆ. ವರ್ಷಗಟ್ಟಲೆ ಹಾಗೆ ಹೂಂಗುಟ್ಟಿದವಳಿಗೆ ಒಂದು ವಿದ್ಯೆ ಬಂದುಬಿಡುತ್ತದೆ. ಕಣ್ಣು ತೆರೆದುಕೊಂಡೇ, ಬೆನ್ನು ನೆಟ್ಟಗೆ ಇಟ್ಟುಕೊಂಡೇ, ಸರಿಯಾದ ಜಾಗದಲ್ಲಿ ಹೂಂ ಅನ್ನುತ್ತಲೇ ನಿದ್ದೆ ಮಾಡುವುದು. ಪ್ರೆಸ್ಸಿನಲ್ಲಿ ನಮ್ಮೆಲ್ಲರಿಗೂ ಅದು ಬರುತ್ತಿತ್ತು, ನನಗೆ ಸ್ವಲ್ಪ ಹೆಚ್ಚೇ ಬರುತ್ತಿತ್ತು. ಆ ಹೊತ್ತಿಗೆ ಮೂರು ದಿನದಿಂದ ನಾನು ಕಣ್ಣು ಮುಚ್ಚಿರಲಿಲ್ಲ.

ಅಜ್ಜಿಯ ದನಿಯೋ, ಅಯ್ಯೋ, ಏನು ಹೇಳಲಿ! ತೊಟ್ಟಿಲು ತೂಗುವ ದನಿ. ಹುಲ್ಲಿನ ವಾಸನೆ, ಬೆಚ್ಚಗಿನ ನೆಲ, ಸೂರಿನಲ್ಲಿ ಯಾವುದೋ ಹಕ್ಕಿಯ ಸದ್ದು. ಮೊದಲ ಎರಡು ಮಾತು ಕೇಳಿಸಿದವು, ಆಮೇಲೆ ನಾನು ಮೆಲ್ಲಗೆ ಕೆಳಗಿಳಿದು ಹೋದೆ. ಆಗಾಗ ಮೇಲೆ ಬಂದಾಗ ಒಂದೊಂದು ತುಣುಕು ಕಿವಿಗೆ ಬೀಳುತ್ತಿತ್ತು. "ಆ ಕಿಟಕಿ ಆಮೇಲೆ ಕೊರೆಸಿದ್ದು..." ಹೂಂ. "ಇಬ್ಬರೂ ಒಳ್ಳೆಯವರೇ, ಆದ್ರೆ..." ಹೂಂ. "ಕೊನೆಗೆ ಅವಳು ವಾಪಸ್ ಬಂದ್ಲು." ಹೂಂ. ಅಷ್ಟೇ. ನಾಲ್ಕು ಗಂಟೆ ಕಾಲ ಅವಳು ಹೇಳಿದ ನೂರಕ್ಕೂ ಹೆಚ್ಚು ವರ್ಷದಲ್ಲಿ ನನ್ನ ಕೈಗೆ ಸಿಕ್ಕಿದ್ದು ಆ ಮೂರು ಚೂರು.

ಮಧ್ಯಾಹ್ನ ಎಚ್ಚರವಾದಾಗ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಿನ್ನಂಗೆ ಕೇಳೋರು ನಾನು ಕಂಡಿಲ್ಲಮ್ಮ. ಒಂದು ಸಾಲಿಗೂ ಹೂಂ ತಪ್ಪಿಸ್ಲಿಲ್ಲ" ಅಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು. "ಏನಾದ್ರೂ ಕೇಳೋದಿದ್ಯಾ?" ಅಂದಳು. ಆಗ ಹೇಳಬಹುದಿತ್ತು. ಹೇಳಲಿಲ್ಲ. ನಾಚಿಕೆ ಒಂದು ಕಡೆ, ಮನೆ ಕೈತಪ್ಪೀತು ಅನ್ನುವ ಆಸೆಬುರುಕತನ ಒಂದು ಕಡೆ. ಇನ್ನೊಂದು ದಿನ ಉಪಾಯವಾಗಿ ಕೇಳಿಕೊಂಡರಾಯಿತು ಅಂದುಕೊಂಡೆ. ಅವಳು ತಮ್ಮನ ಮನೆಗೆ ಹೋದಳು, ಎರಡನೇ ತಿಂಗಳೇ ತೀರಿಕೊಂಡಳು. ಸುದ್ದಿ ಬಂದ ದಿನ ನಾನು ಅತ್ತಿದ್ದು ಅಜ್ಜಿಗಾಗಿಯೋ ನನ್ನ ತಪ್ಪಿಗಾಗಿಯೋ ನನಗೇ ತಿಳಿಯದು.

ಅದಾದ ಮೇಲೆ ಮೂರು ವರ್ಷ ನಾನು ಚರಿತ್ರೆ ಇಲ್ಲದ ಮನೆಯಲ್ಲಿದ್ದೆ. ಯಾರಾದರೂ ಹಳೆಯದನ್ನು ಕೇಳಿದರೆ ಮಾತು ಹಾರಿಸುತ್ತಿದ್ದೆ. ಆಮೇಲೆ ನೀನು ಬಂದೆ.

ಐದು ವರ್ಷದವಳು, ಒಂದು ಬಟ್ಟೆಯ ಚೀಲ, ಕಾಲಿಗೆ ದೊಡ್ಡದಾದ ಬೂಟು. ಬಂದವಳು ಆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಮಾತಿಲ್ಲ, ಅಳುವಿಲ್ಲ. ಬಾಯಿಗಿಟ್ಟ ತುತ್ತು ಹಾಗೇ ಉಳಿಯುತ್ತಿತ್ತು. ಮಕ್ಕಳ ಗಂಧವೇ ಇಲ್ಲದ ನಾನು ಏನು ಮಾಡಲಿ ಹೇಳು? ನನಗೆ ಬರುತ್ತಿದ್ದದ್ದು ಓದುವುದೊಂದೇ. ಪ್ರೆಸ್ಸಿನಿಂದ ತಂದ ಹಾಳೆಗಳನ್ನೇ ನಿನಗೆ ಓದಿ ಹೇಳಿದೆ. ಬೀಜದಂಗಡಿಯ ಪಟ್ಟಿ, ರೈಲಿನ ವೇಳಾಪಟ್ಟಿ, ಯಾವುದೋ ಹಲ್ಲುಪುಡಿಯ ಜಾಹೀರಾತು. ಪಕ್ಕದ ಮನೆಯಾಕೆ ಕೇಳಿಸಿಕೊಂಡು, "ಮಗೂಗೆ ರೈಲಿನ ಟೈಮು ಹೇಳ್ತಾರೇನ್ರೀ, ನಿಮಗೇನು ತಲೆ ಕೆಟ್ಟಿದ್ಯಾ?" ಅಂತ ಬೈದಳು. ಇಪ್ಪತ್ತಮೂರು ದಿನ ಹೀಗೇ ಹೋಯಿತು. ನಿನ್ನ ಕೈ ಕಡ್ಡಿಯ ಹಾಗಾಗಿತ್ತು.

ಇಪ್ಪತ್ತನಾಲ್ಕನೇ ದಿನ ಮಧ್ಯಾಹ್ನ ಚಾವಣಿಯಿಂದ ಒಂದು ಹುಲ್ಲುಕಡ್ಡಿ ನಿನ್ನ ಹಾಲನ್ನದ ಬಟ್ಟಲಿಗೆ ಬಿತ್ತು. ನೀನು ಮೊದಲ ಸಲ ತಲೆಯೆತ್ತಿ ಮೇಲೆ ನೋಡಿದೆ. ಆಗ ನನ್ನ ಬಾಯಿಂದ, ಎಲ್ಲಿಂದ ಬಂತೋ ದೇವರಾಣೆ ಗೊತ್ತಿಲ್ಲ, "ಅದು ಬಾವಿ ತೋಡುವವನು ಹೊದಿಸಿದ ಹುಲ್ಲು ಮರಿ" ಅನ್ನುವ ಮಾತು ಬಂತು. ನಿನ್ನ ಬಾಯಿ ಚೂರು ತೆರೆಯಿತು. ಒಂದು ತುತ್ತು ಇಟ್ಟೆ. ನೀನು ನುಂಗಿದೆ. ಅವನು ಯಾಕೆ ಹುಲ್ಲನ್ನೇ ಹೊದಿಸಿದ ಗೊತ್ತಾ ಅಂದೆ, ಇನ್ನೊಂದು ತುತ್ತು. ಬಟ್ಟಲು ಖಾಲಿಯಾಗುವವರೆಗೆ ಹೇಳಿದೆ. ಮರುದಿನ ಅಲ್ಲಿಂದ ಮುಂದೆ. ಅದರ ಮರುದಿನ ನೀನೇ ಬಂದು ಬಟ್ಟಲ ಮುಂದೆ ಕೂತೆ. ನಾನು ಅವನು ಬೆಳಿಗ್ಗೆ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಡುವುದನ್ನು ಹೇಳುತ್ತಿದ್ದೆ. ನೀನು ನನ್ನ ಸೆರಗು ಜಗ್ಗಿ ಕೇಳಿದೆ: "ನಾಯಿ ಇತ್ತಾ?"

ಈ ಮನೆಯಲ್ಲಿ ನೀನು ಆಡಿದ ಮೊದಲ ಮಾತು ಅದು. ಇತ್ತು, ಇಲ್ಲದೆ ಏನು, ಇತ್ತು ಅಂದೆ. "ಕುಂಟ್ತಿತ್ತಾ?" ಅಂದೆ ನೀನು. ಯಾಕೆ ಕುಂಟಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೂಂ, ಕುಂಟುತ್ತಿತ್ತು ಅಂದೆ. ಈ ಸಲದ ಹೂಂ ಮಾತ್ರ ಪೂರ್ತಿ ಎಚ್ಚರದಲ್ಲಿ ಅಂದಿದ್ದು.

ನಿನ್ನ ಪುಟ ಒಂಬತ್ತರಲ್ಲಿ 'ಬಾವಿ ತೋಡುವವನ ಬಳಿ ಕುಂಟು ನಾಯಿಯೊಂದು ಇದ್ದುದಾಗಿ ತಿಳಿದುಬರುತ್ತದೆ' ಅಂತ ಎಷ್ಟು ಗಂಭೀರವಾಗಿ ಬರೆದಿದ್ದೀಯ! ತಿಳಿದುಬರುವುದು ಎಲ್ಲಿಂದ ಮಹರಾಯ್ತಿ, ಅದು ನೀನೇ ಕೇಳಿ ತರಿಸಿಕೊಂಡ ನಾಯಿ. ಓದುತ್ತಾ ನನಗೆ ನಗುವೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮೂಗು ಸೋರುವುದೊಂದೇ ಲಾಭ.

ಆಮೇಲಿನದು ನಿನಗೇ ಗೊತ್ತು. ಊಟಕ್ಕೊಂದು ಕಥೆ. ಒಬ್ಬರು ಸಾಲದಾದಾಗ ಇನ್ನೊಬ್ಬರು. ಅಜ್ಜಿಯ ಮೂರು ಚೂರುಗಳಲ್ಲಿ 'ಕಿಟಕಿ'ಯಿಂದ ಮೇಷ್ಟ್ರನ್ನು ಎಬ್ಬಿಸಿದೆ, 'ಇಬ್ಬರೂ ಒಳ್ಳೆಯವರೇ' ಅನ್ನುವುದರಿಂದ ಅಕ್ಕತಂಗಿಯರನ್ನು. ನೀನು ಶಾಲೆಯಲ್ಲಿ ಪ್ರಬಂಧ ಬರೆದು ಬಹುಮಾನ ತಂದೆ. ಟೀಚರು ಮಕ್ಕಳನ್ನೆಲ್ಲ ಕರೆದುಕೊಂಡು ಬಂದು ಚಾವಣಿ ತೋರಿಸಿದರು. ಹುಲ್ಲು ಹೊದಿಸುವವನು ಬೇರೆ ಮನೆಗಳಲ್ಲಿ ಏಣಿ ಹತ್ತಿಕೊಂಡೇ ಇವರ ಕಥೆ ಹೇಳಿದ. ಕಥೆ ಊರು ಸುತ್ತಿ ಬಂದು, ಕೊನೆಗೆ ಊರವರೇ ನನಗೆ ಹೇಳತೊಡಗಿದರು. ತಡೆಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಸುಳ್ಳು ಅಂತಲೇ ಅನ್ನಿಸುತ್ತಿರಲಿಲ್ಲ, ಅದೇ ದೊಡ್ಡ ಕಷ್ಟ. ಈಗಲೂ ಕೆಲವು ಸಂಜೆ ಅಕ್ಕತಂಗಿಯರ ಕತ್ತರಿಯ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಎದ್ದು ದೀಪ ಹಚ್ಚಿ ಅವರಿಗೆ ಬೆಳಕು ಸಾಕೇ ಅಂತ ನೋಡಿದ್ದೂ ಉಂಟು.

ಹಾಗಿದ್ದರೆ ಈಗೇಕೆ ಬಾಯಿಬಿಟ್ಟೆ ಅಂತೀಯಾ? ಸಹಿ ಹಾಕಿ ಸುಮ್ಮನಿದ್ದಿದ್ದರೆ ಚಾವಣಿಯೂ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಹಾಗೆಯೇ ಮಾಡೋಣ ಅಂತಿದ್ದೆ. ಆದರೆ ಹೋದ ತಿಂಗಳು ನೀನೇ ಹೇಳಿಕಳಿಸಿದೆಯಲ್ಲ, ಹುಲ್ಲು ಹೊದಿಸುವವನು ಬಂದು ಒಂದು ಮೂಲೆ ಬಿಚ್ಚಿ ಪದರ ಎಣಿಸಿದ. ಈ ಮನೆಯಲ್ಲಿ ಹಳೆಯ ಹುಲ್ಲನ್ನು ಪೂರ್ತಿ ಕೀಳುವುದಿಲ್ಲ, ಕೊಳೆತದ್ದನ್ನು ಮಾತ್ರ ಹೆರೆದು ಅದರ ಮೇಲೇ ಹೊಸದು ಹೊದಿಸುತ್ತಾರೆ. ಐದು ಪದರ ಇವೆ ಅಂದ. ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ತಡಕಾಡುತ್ತಾ, "ಅಮ್ಮಾ, ಗಂಟು ಹಾಕಿರೋ ಕೈ ಬೇರೆ ಬೇರೆ ಕಣಮ್ಮಾ, ಮುಟ್ಟಿದ್ರೆ ಗೊತ್ತಾಗತ್ತೆ. ಮೂರನೇ ಪದರ ಕಟ್ಟಿದೋನು ಎಡಚ" ಅಂದ.

ಒಬ್ಬ ಎಡಚ, ಮರೀ. ನಿಜವಾದವನು. ನಿಜವಾದ ಬಿಸಿಲಿನಲ್ಲಿ ಈ ಚಾವಣಿಯ ಮೇಲೆ ಕೂತು, ಹುರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡಗೈಯಲ್ಲಿ ಗಂಟು ಬಿಗಿದವನು. ಅವನ ವಿಷಯ ಕನ್ನಡಕದಜ್ಜಿ ಹೇಳಿಯೇ ಹೇಳಿರುತ್ತಾಳೆ. ನಾನು ಹೂಂ ಅಂದಿರುತ್ತೇನೆ. ಅವನ ಜಾಗದಲ್ಲಿ ನಾನು ಕಟ್ಟಿದ ಗೊಂಬೆಗಳನ್ನು ಕೂರಿಸಿ ಇಷ್ಟು ವರ್ಷ ಆರತಿ ಎತ್ತಿದೆ. ಇನ್ನು ಸರ್ಕಾರದ ಮೊಹರೂ ಬಿದ್ದರೆ, ಇಲ್ಲಿ ನಿಜವಾಗಿ ಬದುಕಿ ಸತ್ತವರನ್ನು ನಾನು ಎರಡನೇ ಸಲ ಹೊರಗೆ ಹಾಕಿದ ಹಾಗೆ. ಅದಕ್ಕೆ ನನ್ನ ಕೈ ಬರುವುದಿಲ್ಲ. ನಿನ್ನ ಕೆಲಸಕ್ಕೂ ಕುತ್ತು. ನಕ್ಷೆ ಎಳೆಯುವವಳು ಸುಳ್ಳಿಗೆ ಸಹಿ ಹಾಕಿದಳು ಅಂತ ನಾಳೆ ಯಾರಾದರೂ ಬೆರಳು ತೋರಿಸಿದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ನಿನ್ನ ಕಟ್ಟಿನ ಮೊಟ್ಟಮೊದಲ ಹಾಳೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಒಂದೇ ಸಾಲು ಇದೆ: 'ನನ್ನ ಪ್ರತಿ ಹೆಜ್ಜೆಯನ್ನೂ ವಾರವಾರ ದೊಡ್ಡಮ್ಮನಿಗೆ ಬರೆದು ಕಳಿಸುತ್ತಿದ್ದ ನನ್ನ ಅಮ್ಮನಿಗೆ.'

ಈ ಕಾಗದದ ಅರ್ಧಕ್ಕೆ ಬರುವಷ್ಟರಲ್ಲೇ ನಿನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ ಅಂತ ನನಗೆ ಗೊತ್ತು. ಅದಕ್ಕೆ ಹೆದರಿಯೇ ಇಷ್ಟು ವರ್ಷ ಬಾವಿ ತೋಡುವವನನ್ನೂ ಮುಟ್ಟದೆ ಕಾಪಾಡಿಕೊಂಡು ಬಂದೆ. ಅವನು ಸುಳ್ಳಾದರೆ, ನೀನು ಹುಟ್ಟಿದ ಮೊದಲ ಐದು ವರ್ಷದ ಬಗ್ಗೆ ನಾನು ಹೇಳಿದ್ದು?

ಅದೂ ಸುಳ್ಳೇ ಕಣೇ. ನಿನ್ನಮ್ಮ ನನಗೆ ವಾರವಾರ ಕಾಗದ ಬರೆಯಲಿಲ್ಲ. ಒಂದೂ ಬರೆಯಲಿಲ್ಲ. ಆ ಕಾಗದಗಳನ್ನು ಇಲಿ ತಿಂದಿತು ಅಂದೆನಲ್ಲ, ಪಾಪದ ಇಲಿಗಳು, ಅವಕ್ಕೂ ನಾನು ಅಪವಾದ ಹೊರಿಸಿದೆ. ನಿನ್ನ ಮೊದಲ ಹಲ್ಲು, ನೀನು ಮೇಜಿನ ಕಾಲು ಹಿಡಿದು ಇಟ್ಟ ಮೊದಲ ಹೆಜ್ಜೆ, ದೀಪ ನೋಡಿ 'ಬೆಳಕು' ಅಂದಿದ್ದು, ಯಾವುದನ್ನೂ ನಾನು ನೋಡಿಲ್ಲ. ಯಾರೂ ನನಗೆ ಹೇಳಿಲ್ಲ. ಕನ್ನಡಿ ಮುಂದೆ ನಿಂತು, "ನಾನು ಪಾಪು ಇದ್ದಾಗ ಹೇಗಿದ್ದೆ?" ಅಂತ ಆರು ವರ್ಷದ ಮಗು ಕೇಳುತ್ತಿದ್ದರೆ ಗೊತ್ತಿಲ್ಲ ಅನ್ನುವ ಗಟ್ಟಿತನ ನನಗಿರಲಿಲ್ಲ.

ಯಾಕೆ ಬರೆಯಲಿಲ್ಲ ಅಂದರೆ, ಅದೂ ನನ್ನದೇ ಘನಕಾರ್ಯ. ನಿನ್ನ ಅಪ್ಪನನ್ನು ಮದುವೆಯಾಗುತ್ತೇನೆ ಅಂತ ಅವಳು ನನಗೆ ಆರು ಪುಟದ ಕಾಗದ ಬರೆದಿದ್ದಳು. ಖುಷಿಯಲ್ಲಿ ಬರೆದದ್ದು, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ನಾನು ಆಗ ಪ್ರೆಸ್ಸಿಗೆ ಹೊಸಬಳು, ಕೆಲಸದ ಜಂಬ ಬೇರೆ. ಕೆಂಪು ಶಾಯಿಯಲ್ಲಿ ತಪ್ಪುಗಳನ್ನೆಲ್ಲ ತಿದ್ದಿ, ಅಂಚಿನಲ್ಲಿ ಗುರುತು ಹಾಕಿ, ಅದೇ ಕಾಗದವನ್ನು ವಾಪಸು ಕಳಿಸಿದೆ. ತಮಾಷೆಗೆ ಅಂದುಕೊಂಡೆ. ಜೊತೆಗೆ ಒಂದು ಸಾಲಿನ ಶುಭಾಶಯವನ್ನೂ ಬರೆಯಲಿಲ್ಲ ನೋಡು, ಆಮೇಲೆ ಬರೆದರಾಯಿತು ಅಂತ. ಅವಳು ಮತ್ತೆ ಬರೆಯಲಿಲ್ಲ. ಅವಳೇ ಬರೆಯಲಿ ಅಂತ ನಾನು, ಅಕ್ಕನೇ ಬರೆಯಲಿ ಅಂತ ಅವಳು. ಹೀಗೇ ಏಳು ವರ್ಷ. ನಿನ್ನಪ್ಪ ತೀರಿಕೊಂಡಿದ್ದೂ ನನಗೆ ಆಮೇಲೆ ಗೊತ್ತಾಯಿತು. ಕೈಗವಸಿನ ಅಕ್ಕತಂಗಿಯರು ಕೊನೆಗೊಂದು ದಿನ ಮಾತಾಡಿದರು ಅಂತ ನಿನಗೆ ಹೇಳಿದೆನಲ್ಲ, ಎಡಗೈಯವಳಿಗೆ ಜ್ವರ ಬಂದಾಗ ಬಲಗೈಯವಳು ಎದ್ದು ಬಂದು "ಏನಾಯ್ತೇ?" ಅಂದಳು ಅಂತ. ಅದನ್ನು ಎಷ್ಟು ಸಲ ಹೇಳಿಸಿಕೊಂಡೆ ನೀನು! ಪ್ರತಿ ಸಲವೂ ನಾನು ಅವಳನ್ನು ಎಬ್ಬಿಸಿ ಕಳಿಸುತ್ತಿದ್ದೆ. ನಾನು ಮಾತ್ರ ಎದ್ದು ಹೋಗಿರಲಿಲ್ಲ.

ಆಸ್ಪತ್ರೆಯಿಂದ ಪ್ರೆಸ್ಸಿಗೆ ಫೋನು ಬಂದಾಗ ನಿನ್ನಮ್ಮ ಆಗಲೇ ಹೋಗಿಬಿಟ್ಟಿದ್ದಳು. ಹೋದೆ. ದಾದಿಯೊಬ್ಬಳು ಅವಳನ್ನು ಸೇರಿಸಿಕೊಂಡಾಗ ತುಂಬಿಸಿದ ಕಾಗದವನ್ನು ತೋರಿಸಿದಳು. 'ಮಗುವನ್ನು ಯಾರಿಗೆ ಒಪ್ಪಿಸಬೇಕು' ಅನ್ನುವ ಜಾಗದಲ್ಲಿ ನಿನ್ನಮ್ಮ ತನ್ನ ಕೈಯಾರೆ ಪ್ರೆಸ್ಸಿನ ವಿಳಾಸ ಬರೆದಿದ್ದಳು. ಪಕ್ಕದಲ್ಲಿ 'ಸಂಬಂಧ' ಅಂತ ಕೇಳಿದ್ದರು. 'ಅಕ್ಕ' ಅಂತ ಬರೆದಿದ್ದಳು. ಏಳು ವರ್ಷದ ಮೇಲೆ ಅವಳು ನನ್ನನ್ನು ಕರೆದದ್ದು ಹಾಗೆ. ಆಮೇಲೆ ಪಕ್ಕದ ಬೆಂಚಿನ ಮೇಲೆ ಕೂತಿದ್ದ ನಿನ್ನನ್ನು ಎತ್ತಿಕೊಂಡು ಬಂದೆ.

ಇದು ನಿಜ. ಇನ್ನೂ ಕೆಲವು ನಿಜ ಇವೆ, ಅವು ನಾನು ಕಣ್ಣಾರೆ ಕಂಡದ್ದು, ಧೈರ್ಯವಾಗಿ ಇಟ್ಟುಕೋ. ನಿನ್ನಮ್ಮ ಗಂಡುಮಕ್ಕಳಿಗಿಂತ ಚೆನ್ನಾಗಿ ಸಿಳ್ಳೆ ಹಾಕುತ್ತಿದ್ದಳು. ಬಾತುಕೋಳಿ ಕಂಡರೆ ಓಡಿ ಬಂದು ನನ್ನ ಬೆನ್ನು ಹತ್ತುತ್ತಿದ್ದಳು. ಸೀಮೆಸುಣ್ಣ ತಿನ್ನುತ್ತಿದ್ದಳು. ನಿದ್ದೆ ಬಂದರೆ ನಿಂತಲ್ಲೇ ನನಗೆ ಒರಗಿಬಿಡುತ್ತಿದ್ದಳು, ಆ ಭಾರ ಈಗಲೂ ನನ್ನ ಎಡಭುಜಕ್ಕೆ ಗೊತ್ತು. ಇವುಗಳಲ್ಲಿ ಒಂದಕ್ಕೂ ನಾನು ಬಣ್ಣ ಕಟ್ಟಿಲ್ಲ.

ನಿನ್ನ ನಲವತ್ತೆರಡು ಪುಟವನ್ನು ಇದರ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. ಒಂದು ಗುರುತೂ ಹಾಕಿಲ್ಲ. ಪೆನ್ಸಿಲು ಹಿಡಿದು ಕೂತೆ, ಕೆಳಗಿಟ್ಟೆ. ಅದರ ಬದಲಿಗೆ ಎರಡು ಪುಟ ನಾನೇ ಬರೆದು ಸಹಿ ಹಾಕಿದ್ದೇನೆ, ಬೇಕಾದರೆ ಸಮಿತಿಗೆ ಅದನ್ನು ಕೊಡು. ಐದು ಪದರ ಹುಲ್ಲು, ಮೂರನೆಯದನ್ನು ಕಟ್ಟಿದವನು ಎಡಚ, ಹೆಸರು ತಿಳಿಯದು. ನಲವತ್ತು ವರ್ಷ ಇಲ್ಲಿದ್ದ, ಕನ್ನಡಕ ಮಾಡುವ ಒಬ್ಬ ಹೆಂಗಸು. ಆಮೇಲೆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಒಬ್ಬಳು ಮತ್ತು ಅವಳ ತಂಗಿಯ ಮಗಳು. ಅದರ ಹಿಂದಿನವರನ್ನು ಈ ಪ್ರೂಫ್ ನೋಡುವವಳು ನಿದ್ದೆಯಲ್ಲಿ ಕಳೆದುಹಾಕಿದಳು ಅಂತಲೂ ಬರೆದಿದ್ದೇನೆ. ಇಷ್ಟಕ್ಕೆ ವಿನಾಯಿತಿ ಸಿಗಲಿಕ್ಕಿಲ್ಲ. ಹೋಗಲಿ ಬಿಡು. ತಗಡಿನ ಕೆಳಗೂ ಜನ ಬದುಕುತ್ತಾರೆ, ಮಳೆಗೆ ಸ್ವಲ್ಪ ಗಲಾಟೆ ಜಾಸ್ತಿ, ಅಷ್ಟೇ. ನನಗೆ ಈಗ ಕಿವಿಯೂ ಮಂದ.

ಹುಲ್ಲು ಹೋಗುತ್ತದೆ ಅನ್ನುವುದಕ್ಕೆ ನಾನು ಇಷ್ಟು ಹೆದರಿಲ್ಲ. ನೀನು ಈ ಕಾಗದ ಮಡಿಸಿಟ್ಟು ಸುಮ್ಮನಾಗಿಬಿಡುತ್ತೀಯೇನೋ ಅಂತ ಹೆದರಿದ್ದೇನೆ. ನಿನ್ನಮ್ಮನ ಮಗಳು ನೀನು, ನನ್ನ ಕೈಯಲ್ಲಿ ಬೆಳೆದವಳು. ಎರಡೂ ಕಡೆಯಿಂದ ಹಟ ಬಂದಿದೆ. ಸಿಟ್ಟು ಮಾಡಿಕೋ, ನ್ಯಾಯವೇ. ಬಾಯಿಗೆ ಬಂದ ಹಾಗೆ ಬೈದು ಒಂದು ಕಾಗದ ಬರೆ, ತಪ್ಪುತಪ್ಪಾಗಿ ಬರೆ, ನಾನು ಒಂದಕ್ಷರವನ್ನೂ ತಿದ್ದುವುದಿಲ್ಲ. ಇಲ್ಲವೇ ಬಂದು ಆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಕೋ. ಇಪ್ಪತ್ತಮೂರು ದಿನ ಬೇಕಾದರೂ ಕಾಯುತ್ತೇನೆ, ಆ ಅಭ್ಯಾಸ ನನಗಿದೆ. ಏಳು ವರ್ಷ ಮಾತ್ರ ಬೇಡ ಮರೀ. ಅಷ್ಟು ವರ್ಷ ನನ್ನ ಹತ್ತಿರ ಉಳಿದಿಲ್ಲ.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು, ನಿನ್ನ ಕೈ ಎಳೆದ ಗೆರೆಗಳೆಲ್ಲ ನೆಟ್ಟಗಿರಲಿ ಅಂತ ಹರಸುವ,

ನಿನ್ನಮ್ಮನ ಅಕ್ಕ